ಪುಸ್ತಕ ಮೇಳದಲ್ಲಿ ನನ್ನ ಅರ್ಧ ಮೇಜು

ಮೇಳದ ಮೊದಲ ದಿನ ನನ್ನ ಮೇಜಿನ ಮುಂದೆ ಮೊದಲು ನಿಂತವರು ಒಬ್ಬ ಹೆಂಗಸು. ಕೈಯಲ್ಲಿ ತರಕಾರಿ ಚೀಲ. ಚೀಲದಿಂದ ಬಸಳೆಯ ತುದಿ ಹೊರಗೆ ಬಂದಿತ್ತು. ಪುಸ್ತಕ ಎತ್ತಿಕೊಂಡರು, ಮುಖಪುಟ ನೋಡಿದರು, ಹಿಂದೆ ತಿರುಗಿಸಿದರು. ನಡುವಿನ ಒಂದು ಪುಟ ಬಿಡಿಸಿ ನಾಲ್ಕು ಸಾಲು ಓದಿದರು. ತುಟಿ ಅಲುಗುತ್ತಿತ್ತು. ಆಮೇಲೆ ತಲೆ ಎತ್ತಿ "ಏತ್?" ಅಂದರು. ಎಷ್ಟು ಅಂತ, ತುಳುವಿನಲ್ಲಿ.

ನನ್ನ ಮನೆಮಾತೂ ತುಳುವೇ. ಆದರೂ ಕೂತಲ್ಲಿಂದಲೇ "ಮುಖಬೆಲೆ ಇನ್ನೂರು, ಮೇಳದ ರಿಯಾಯಿತಿ ಕಳೆದು ನೂರ ಎಂಬತ್ತು ರೂಪಾಯಿ" ಅಂತ ಪುಸ್ತಕದ ಕನ್ನಡದಲ್ಲಿ ಹೇಳಿದೆ. ಅವರು "ಓ" ಅಂದರು. ಪುಸ್ತಕವನ್ನು ಎಲ್ಲಿಂದ ಎತ್ತಿದ್ದರೋ ಅಲ್ಲಿಗೇ ಮೆತ್ತಗೆ ಇಟ್ಟು ಹೊರಟರು.

ಮೂರು ವರ್ಷದಲ್ಲಿ ಮೂರು ಸಲ ಅದೇ ಮೇಳದಲ್ಲಿ ಕೂತೆ. ಬೇರೆಯದೆಲ್ಲ ಮರೆತರೂ ಆ "ಓ" ಮರೆತಿಲ್ಲ.

ನನ್ನ ಪುಸ್ತಕದ ಬಗ್ಗೆ ಮೊದಲು ಹೇಳುತ್ತೇನೆ. ನಾವು ಗುರುಪುರದ ಕಡೆಯವರು. ಅಮ್ಮ ಮೂವತ್ತು ವರ್ಷಕ್ಕಿಂತ ಜಾಸ್ತಿ ಬೀಡಿ ಕಟ್ಟಿದವಳು. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದೇನೂ ವಿಶೇಷ ಅಲ್ಲ. ನಮ್ಮ ಓಣಿಯಲ್ಲಿ ಹಿಂದೂಗಳ ಮನೆ, ಬ್ಯಾರಿ ಮುಸ್ಲಿಮರ ಮನೆ, ಕ್ರಿಶ್ಚಿಯನ್ನರ ಮನೆ ಎಲ್ಲದರ ಜಗಲಿಯಲ್ಲೂ ಒಂದು ತಡ್ಪೆ ಇರುತ್ತಿತ್ತು. ತಡ್ಪೆ ಅಂದರೆ ಮೊರ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಂಗಸರು ಕೂತಿರುತ್ತಿದ್ದರು. 25 ಬೀಡಿಗೆ ಒಂದು ಕಟ್ಟು. ಸಾವಿರ ಬೀಡಿ ಅಂದರೆ 40 ಕಟ್ಟು. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಕೊಟ್ಟು, ಪಾಸ್ ಬುಕ್ಕಿನಲ್ಲಿ ಬರೆಸಿಕೊಂಡು ಬರುವುದು. ನನ್ನ ಶಾಲೆಯ ಪುಸ್ತಕಗಳು ಬಂದದ್ದು ಆ ದುಡ್ಡಿನಿಂದ. ಬೀಡಿ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನ ಸಿಗುತ್ತದಲ್ವಾ, ಅದಕ್ಕೆ 1976ರಲ್ಲಿ ಕಾಯ್ದೆ ಆಗಿದೆ. ಆ ನಿಧಿಯ ದುಡ್ಡಿನಲ್ಲಿ ನಾನು ಹೈಸ್ಕೂಲು ಮುಗಿಸಿದೆ. ಈಗ ಒಂದು ಸಹಕಾರಿ ಸಂಘದಲ್ಲಿ ಕ್ಯಾಷಿಯರ್. ಅಮ್ಮನ ಬಗ್ಗೆ, ಆ ಜಗಲಿಗಳ ಬಗ್ಗೆ ಬರೆದ ಹದಿನೆಂಟು ಪ್ರಬಂಧಗಳೇ ಪುಸ್ತಕವಾದವು. ಡೆಮಿ 1/8 ಅಳತೆ, 160 ಪುಟ, 500 ಪ್ರತಿ.

ಪ್ರಕಾಶಕರು ಬೆಂಗಳೂರಿನವರು. ಒಳ್ಳೆಯ ಜನ. ಆದರೆ ಅವರೇ ಹೇಳಿದರು: "ನಿಮ್ಮ ಊರಿನ ಪುಸ್ತಕ, ನಿಮ್ಮ ಊರಿನಲ್ಲೇ ಹೋಗಬೇಕು. ಮೇಳಕ್ಕೆ ನೀವೇ ಕೂತುಕೊಳ್ಳಿ." ನಮ್ಮ ಮಂಗಳೂರಿನ ಮೇಳದಲ್ಲಿ ಊರಿನ ಬರಹಗಾರರಿಗೆ ಅರ್ಧ ಮೇಜು ಬಾಡಿಗೆಗೆ ಕೊಡುತ್ತಾರೆ ಅಂತ ಗೊತ್ತಾಯಿತು. ಮೂರು ದಿನಕ್ಕೆ 1,000 ರೂಪಾಯಿ. ಒಂದು ಅರ್ಜಿ, ಒಂದು ಫೋಟೋ, ಪುಸ್ತಕದ ಬಗ್ಗೆ ಐದು ಸಾಲು. ಪ್ರಕಾಶಕರು ನನಗೆ 40 ಪರ್ಸೆಂಟ್ ಕಡಿಮೆಗೆ, ಅಂದರೆ 120 ರೂಪಾಯಿಗೆ ಒಂದು ಪ್ರತಿ ಕೊಟ್ಟರು. ಮೇಳದಲ್ಲಿ 180ಕ್ಕೆ ಕೊಟ್ಟರೆ ಪ್ರತಿಗೆ 60 ರೂಪಾಯಿ ಉಳಿಯುತ್ತದೆ. 17 ಪುಸ್ತಕ ಹೋದರೆ ಬಾಡಿಗೆ ಹುಟ್ಟುತ್ತದೆ ಅಂತ ಲೆಕ್ಕ ಹಾಕಿದೆ.

ಮೊದಲ ವರ್ಷ ಪಾರ್ಸೆಲ್ ಬರಲಿಲ್ಲ. ಬೆಂಗಳೂರಿನಿಂದ ಹೊರಟದ್ದು ಬೇರೆ ಯಾವುದೋ ಊರಿನ ಆಫೀಸಿನಲ್ಲಿ ಇಳಿದಿತ್ತು. ಬೆಳಗ್ಗೆ ಏಳಕ್ಕೆ ಹೋಗಿ ಆ ಟ್ರಾನ್ಸ್‌ಪೋರ್ಟ್ ಆಫೀಸಿನ ಬಾಗಿಲಲ್ಲಿ ನಿಂತೆ. "ಸಂಜೆ ಬರಬಹುದು ಮೇಡಂ" ಅಂದರು. ಮನೆಯಲ್ಲಿದ್ದ 9 ಪ್ರತಿ ಚೀಲಕ್ಕೆ ಹಾಕಿಕೊಂಡು ಸ್ಟೇಟ್ ಬ್ಯಾಂಕ್ ಸ್ಟಾಪಿಗೆ ಹೋಗುವ ಬಸ್ಸಿಗೆ ಹತ್ತಿದೆ. ಇಳಿದು ಪುರಭವನದ ಕಡೆ ನಡೆಯುವಾಗ ನವೆಂಬರ್ ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಮಳೆಗಾಲ ಮುಗಿದರೂ ನಮ್ಮಲ್ಲಿ ಸೆಕೆ ಬಿಡುವುದಿಲ್ಲ.

ಅರ್ಧ ಮೇಜು ಸಿಕ್ಕಿದ್ದು ಕೊನೆಯ ಸಾಲಿನಲ್ಲಿ, ಚರುಮುರಿ ಗಾಡಿಯ ಪಕ್ಕ. ಇನ್ನರ್ಧದಲ್ಲಿ ಹಳೆ ಪುಸ್ತಕ ಮಾರುವ ಒಬ್ಬರು. ಅರವತ್ತು ದಾಟಿದವರು. ಊರೂರು ತಿರುಗಿ ಜಾತ್ರೆ, ಸಮ್ಮೇಳನ, ಮೇಳ ಎಲ್ಲ ಕಡೆ ಅಂಗಡಿ ಇಟ್ಟವರು. ಅವರನ್ನು ನಾನು ಅಣ್ಣ ಅಂದೆ. ಅವರು ನನ್ನನ್ನು ಅಕ್ಕ ಅಂದರು. ವಯಸ್ಸಿನ ಲೆಕ್ಕ ಅಲ್ಲ ಅದು, ನಮ್ಮ ಕಡೆಯ ಮರ್ಯಾದೆ.

ಆ ಅಣ್ಣ ಕಲಿಸಿದ್ದನ್ನು ಇಲ್ಲಿ ಬರೆಯಲೇಬೇಕು. ಯಾಕೆಂದರೆ ಪುಸ್ತಕ ಬರೆಯುವುದನ್ನು ಹೇಳಿಕೊಡುವವರು ತುಂಬಾ ಜನ ಇದ್ದಾರೆ. ಮೇಜಿನ ಹಿಂದೆ ನಿಲ್ಲುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಪುಸ್ತಕಗಳ ಮುಖಪುಟ ಮೇಲಕ್ಕೆ ಸುರುಳಿ ಸುತ್ತಲು ಶುರುವಾಯಿತು. ಬಾಯಿ ತೆರೆದುಕೊಂಡ ಹಾಗೆ. ನನಗೆ ಗಾಬರಿ. ಅಣ್ಣ ಒಂದನ್ನು ಎತ್ತಿ ಬೆರಳಾಡಿಸಿ ಹೇಳಿದರು: "ಹೊರಗೆ ಲ್ಯಾಮಿನೇಷನ್ ಉಂಟು, ಒಳಗೆ ಬರೀ ಕಾಗದ. ಒಳಗಿನ ಕಾಗದ ನಮ್ಮ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಅದಕ್ಕೆ ಹೊರಗೆ ಬಾಗುತ್ತದೆ. ನಿಮ್ಮ ಬೈಂಡರ್ ತಪ್ಪಲ್ಲ ಅಕ್ಕ, ನಮ್ಮ ಸಮುದ್ರದ್ದು." ಪುಸ್ತಕಗಳನ್ನು ಒಂದರ ಬೆನ್ನು ಈ ಕಡೆ, ಇನ್ನೊಂದರ ಬೆನ್ನು ಆ ಕಡೆ ಬರುವ ಹಾಗೆ ಅಡ್ಡಡ್ಡ ಜೋಡಿಸಿದರು. ಮೇಲೆ ತಮ್ಮ ಒಂದು ದಪ್ಪ ನಿಘಂಟು ಹೇರಿದರು. ಒಂದು ಗಂಟೆಯಲ್ಲಿ ಸರಿಯಾಯಿತು. ಮೇಜಿನ ಮೇಲೆ ನೋಡಲು ಎರಡೇ ಪ್ರತಿ ಇಡಬೇಕು, ಅದನ್ನೂ ಆಗಾಗ ಬದಲಾಯಿಸಬೇಕು.

ಎರಡನೆಯದು ಚಿಲ್ಲರೆ. 180 ಅಂದರೆ ಎಲ್ಲರೂ 200ರ ನೋಟು ಕೊಡುತ್ತಾರೆ, ಇಲ್ಲ ಎರಡು ನೂರು. ಪ್ರತಿ ಸಲ 20 ವಾಪಸ್ ಕೊಡಬೇಕು. ಫೋನಿನಲ್ಲಿ ಸ್ಕ್ಯಾನ್ ಮಾಡುವವರು ಉಂಟು. ಆದರೆ ಬೀಡಿಯ ಪುಸ್ತಕ ನೋಡಿ ನಿಲ್ಲುವ ಹೆಂಗಸರು ಜಾಸ್ತಿ ನೋಟಿನವರು. ನಾನು ದಿನವಿಡೀ ನೋಟು ಎಣಿಸುವ ಕೆಲಸದವಳು, ಆದರೂ 20ರ ನೋಟು ತರಲು ಹೊಳೆದಿರಲಿಲ್ಲ. ಚರುಮುರಿಯವರ ಹತ್ತಿರ ಕೇಳಿ ಪಡೆದೆ. ಆ ಚರುಮುರಿಯದ್ದೇ ಇನ್ನೊಂದು ಕತೆ. ತೆಂಗಿನೆಣ್ಣೆ ಹಾಕಿ ಕಲಸಿದ ಚರುಮುರಿ ತಿಂದ ಬೆರಳಲ್ಲಿ ಪುಟ ಮುಟ್ಟಿದರೆ ಅಲ್ಲಿ ಒಂದು ಎಣ್ಣೆಯ ಕಿಟಕಿ ತೆರೆದ ಹಾಗೆ ಆಗುತ್ತದೆ. ಆಚೆ ಪುಟದ ಅಕ್ಷರ ಕಾಣುತ್ತದೆ. ಮಾರನೆ ದಿನ ಒಂದು ಕಟ್ಟು ಟಿಶ್ಯೂ ತಂದು ಮೇಜಿನ ತುದಿಯಲ್ಲಿ ಇಟ್ಟೆ. ಯಾರಿಗೂ ಹೇಳುವ ಅಗತ್ಯ ಬರಲಿಲ್ಲ, ಅವರೇ ಒರೆಸಿಕೊಂಡು ಮುಟ್ಟಿದರು.

ಮೂರನೆಯದನ್ನು ಅಣ್ಣ ಸಂಜೆ ಹೇಳಿದರು, ಚಹಾ ಕುಡಿಯುವಾಗ. "ಅಕ್ಕ, ನೀವು ಕುರ್ಚಿ ಬಿಡಿ. ಕೂತವರ ಹತ್ತಿರ ಜನ ಬರುವುದು ಅರ್ಜಿ ಕೊಡಲಿಕ್ಕೆ. ಎದ್ದು ನಿಲ್ಲಿ. ಮತ್ತೆ, ಬೆಳಗ್ಗೆ ಆ ಅಕ್ಕ ಏತ್ ಅಂತ ಕೇಳಿದಾಗ ನೀವು ಯಾಕೆ ಕನ್ನಡದಲ್ಲಿ ಹೇಳಿದ್ದು?"

ನನಗೆ ಉತ್ತರ ಬರಲಿಲ್ಲ. ರಾತ್ರಿ ಮನೆಗೆ ಹೋದ ಮೇಲೂ ಅದೇ ಯೋಚನೆ. ಪುಸ್ತಕ ಅಂದ ಕೂಡಲೇ ನನ್ನ ನಾಲಿಗೆ ಶಾಲೆಗೆ ಹೋಗಿಬಿಡುತ್ತದೆ. ಒಂದನೇ ಕ್ಲಾಸಿಗೆ ಸೇರುವಾಗ ನನಗೆ ಕನ್ನಡ ಬರುತ್ತಿರಲಿಲ್ಲ. ಟೀಚರ್ ಏನು ಕೇಳಿದರೂ ತುಳುವಿನಲ್ಲಿ ಹೇಳುತ್ತಿದ್ದೆ. ಅವರು ನಗುತ್ತಾ "ಕನ್ನಡದಲ್ಲಿ ಹೇಳು ನೋಡುವ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಲ್ಲಿಂದ ಒಂದು ಗೆರೆ ಬಿದ್ದಿತು. ಅಡುಗೆ ಮನೆಗೆ, ಅಂಗಳಕ್ಕೆ, ಅಳುವುದಕ್ಕೆ ತುಳು. ಪಾಟಿ, ಪುಸ್ತಕ, ಪರೀಕ್ಷೆಗೆ ಕನ್ನಡ. ನಲವತ್ತು ವರ್ಷ ಆದ ಮೇಲೂ ಆ ಗೆರೆ ನನ್ನ ಮೇಜಿನ ಮೇಲೆ ಇತ್ತು. ಆ ಹೆಂಗಸು ಅಡುಗೆ ಮನೆಯ ಮಾತಿನಲ್ಲಿ ಕೇಳಿದರು. ನಾನು ಕ್ಲಾಸಿನ ಮಾತಿನಲ್ಲಿ ಉತ್ತರ ಕೊಟ್ಟೆ.

ಅಮ್ಮ ಕಾಯುತ್ತಿದ್ದಳು. "ಇನಿ ಏತ್ ಪೋಂಡು?" ಇವತ್ತು ಎಷ್ಟು ಹೋಯಿತು ಅಂತ. ಬ್ರಾಂಚಿನಿಂದ ಬಂದ ಪಕ್ಕದ ಮನೆಯವರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು. "ಮೂರು" ಅಂದೆ. "ನಾಳೆ ಉಂಟಲ್ಲ" ಅಂದಳು.

ಮಾರನೆ ದಿನದಿಂದ ಎದ್ದು ನಿಂತೆ. "ಬಲೆ, ತೂಲೆ" ಅಂದೆ. ಬನ್ನಿ, ನೋಡಿ. ಅಷ್ಟೇ. ಪುಸ್ತಕ ತಗೊಳ್ಳಿ ಅನ್ನಲಿಲ್ಲ. ನಿಮ್ಮ ಊರು ಯಾವುದು ಅಂತ ಕೇಳಿದೆ. ಊರು ಕೇಳಿದರೆ ನಮ್ಮಲ್ಲಿ ಎಲ್ಲ ಬಾಗಿಲು ತೆರೆಯುತ್ತದೆ. ಬಜಪೆ ಅಂದರೆ ಅಲ್ಲಿ ಯಾರ ಮನೆ, ಕಿನ್ನಿಗೋಳಿ ಅಂದರೆ ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ಅಂತ ಮಾತು ಬೆಳೆಯುತ್ತದೆ. ಆ ಮಾತಿನ ನಡುವೆ ಪುಸ್ತಕ ಅವರ ಕೈಯಲ್ಲೇ ಇರುತ್ತದೆ. ಮೂರು ದಿನ ಮುಗಿಯುವಾಗ 14 ಪ್ರತಿ ಹೋಗಿತ್ತು. ಬಾಡಿಗೆ ಹುಟ್ಟಲಿಲ್ಲ. ಆದರೆ ಬಸಳೆ ಚೀಲದವರು ಮತ್ತೆ ಬರಲಿಲ್ಲವಲ್ಲ ಅಂತ ನೋವಾದ ಹಾಗೆ ಆ ದುಡ್ಡಿಗೆ ನೋವಾಗಲಿಲ್ಲ.

ಎರಡನೇ ವರ್ಷ ಮೇಜಿನ ಜೊತೆಗೆ ವೇದಿಕೆಯಲ್ಲೂ ಕರೆದರು. ಲೇಖಕರ ಜೊತೆ ಮಾತುಕತೆ, 40 ನಿಮಿಷ, ಬೆಳಗ್ಗೆ ಹನ್ನೊಂದೂವರೆಗೆ. ಅದಕ್ಕೆ ನಾನು ಹದಿನೈದು ದಿನ ತಯಾರಿ ಮಾಡಿದೆ. ಯಾವ ಭಾಗ ಓದಬೇಕು ಅಂತ ಆರಿಸುವುದೇ ದೊಡ್ಡ ಕೆಲಸ. ಮೊದಲು ನಾಲ್ಕು ಪುಟ ಗುರುತು ಹಾಕಿದ್ದೆ. ಮನೆಯಲ್ಲಿ ಫೋನಿನ ಟೈಮರ್ ಇಟ್ಟು ಗಟ್ಟಿಯಾಗಿ ಓದಿದೆ. ಒಂದು ಪುಟಕ್ಕೆ ಎರಡು ನಿಮಿಷ ಬೇಕು. ನಾಲ್ಕು ಪುಟಕ್ಕೆ ಎಂಟು. ಮೂರನೇ ನಿಮಿಷಕ್ಕೇ ನನ್ನ ಗಂಡ ಕಿಟಕಿ ಕಡೆ ನೋಡಲು ಶುರು ಮಾಡಿದರು. ಒಂದೂವರೆ ಪುಟಕ್ಕೆ ಇಳಿಸಿದೆ. ಆ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿದೆ. ಉಸಿರು ತಗೊಳ್ಳುವ ಕಡೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿದೆ. ಬರೆಯುವಾಗ ಚೆನ್ನಾಗಿದೆ ಅಂದುಕೊಂಡ ಉದ್ದ ವಾಕ್ಯಗಳು ಬಾಯಲ್ಲಿ ಎಡವುತ್ತವೆ ಅಂತ ಆಗಲೇ ಗೊತ್ತಾದದ್ದು.

ಆ ದಿನ ಉದ್ಘಾಟನೆ ಮುಗಿಯುವಾಗಲೇ ಹನ್ನೆರಡೂವರೆ. ಭಾಷಣ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನನ್ನ 40 ನಿಮಿಷ 15ಕ್ಕೆ ಇಳಿಯಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಬರಹಗಾರರನ್ನು ಕರೆದ ಮೇಲೆ ಅವರ ಹೊತ್ತನ್ನು ಉಳಿಸಿಕೊಡಬೇಕು. ಬೇರೆ ಊರಿನಿಂದ ಬಸ್ಸಿನಲ್ಲಿ ಬಂದ ಕೇಳುಗರು ಉಂಟು, ಅವರಿಗೂ ಮಾತು ಕೊಟ್ಟ ಹಾಗಲ್ವಾ. ಆದರೂ ತಯಾರಿ ಕೈ ಹಿಡಿಯಿತು. ಮೂರು ನಿಮಿಷ ಓದಿದೆ. ಅಮ್ಮ ರಾತ್ರಿ ಹತ್ತು ಗಂಟೆಗೆ ಕೊನೆಯ ಕಟ್ಟು ಮುಗಿಸುವ ಭಾಗ. ಅದರಲ್ಲಿ ಅಮ್ಮ ಬೆರಳು ಮಡಚಿ ಬಿಡಿಸುತ್ತಾ ಹೇಳುತ್ತಾಳೆ: "ನನ್ನ ಕೈ ಸೋತಿತು ಮಗಳೇ."

ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ಕಾಲೇಜು ಹುಡುಗ ಎದ್ದ. ಬ್ಯಾಗು ಎದೆಗೆ ನೇತು ಹಾಕಿಕೊಂಡಿದ್ದ. "ಮೇಡಂ, ನಿಮ್ಮ ಅಮ್ಮ ಮಾತಾಡಿದ್ದು ತುಳುವಿನಲ್ಲಿ ಅಲ್ವಾ? ನೀವು ಬರೆದದ್ದು ಕನ್ನಡದಲ್ಲಿ. ಹಾಗಾದರೆ ಪುಸ್ತಕದಲ್ಲಿ ಇರುವುದು ನಿಮ್ಮ ಅಮ್ಮನ ಮಾತು ಹೌದಾ?"

ಒಳ್ಳೆಯ ಪ್ರಶ್ನೆ. ನಾನು ಏನೋ ಹೇಳಿದೆ. ಭಾವನೆ ಮುಖ್ಯ, ಭಾಷೆ ಯಾವುದಾದರೇನು ಅಂತ. ಜನ ಚಪ್ಪಾಳೆ ತಟ್ಟಿದರು. ಹುಡುಗ ತಲೆ ಆಡಿಸಿ ಕೂತ. ಆದರೆ ಅವನಿಗೆ ಉತ್ತರ ಸಿಗಲಿಲ್ಲ ಅಂತ ನನಗೆ ಗೊತ್ತಿತ್ತು.

ಮೇಜಿಗೆ ಬಂದು ಅಣ್ಣನ ಹತ್ತಿರ ಹೇಳಿದೆ. ಆ ವರ್ಷವೂ ನಾವು ಅಕ್ಕಪಕ್ಕ. ಅವರು ಹಳೆ ಪುಸ್ತಕದ ರಾಶಿಯಿಂದ ತಲೆ ಎತ್ತದೆ ಮಾತಾಡಿದರು. "ಈ ಊರಿನಲ್ಲಿ ಇದೇನು ಇವತ್ತಿನ ಪ್ರಶ್ನೆಯಾ?" ಅವರು ಹೇಳಿದ್ದರಲ್ಲಿ ಸ್ವಲ್ಪ ನನಗೂ ಗೊತ್ತಿತ್ತು, ಆದರೆ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಪ್ರೆಸ್ ಹಾಕಿದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಇಲ್ಲಿಂದ ಹೊರಟಿದ್ದು 1843ರ ಜುಲೈ 1ಕ್ಕೆ. ಅದನ್ನು ನಡೆಸಿದ ಮೊಗ್ಲಿಂಗ್ ಜರ್ಮನಿಯವರು. ಸುತ್ತಲಿನ ಜನರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಪತ್ರಿಕೆ ಮಾತ್ರ ಕನ್ನಡ. ಅದೇ ಮಿಷನ್‌ನವರು 1886ರಲ್ಲಿ ತುಳು ನಿಘಂಟು ತಂದರು, ತುಳು ಪದಗಳನ್ನು ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದರು. 1894ರಲ್ಲಿ ಕಿಟೆಲ್ ನಿಘಂಟು ಬಂದದ್ದೂ ಇಲ್ಲಿಂದಲೇ. ಇವತ್ತಿಗೂ ನಮ್ಮಲ್ಲಿ ತುಳು ನಾಟಕದ ಬೋರ್ಡು, ಇಗರ್ಜಿಯ ಕೊಂಕಣಿ ಪುಸ್ತಕ ಎಲ್ಲ ಕನ್ನಡ ಅಕ್ಷರದಲ್ಲಿ.

"ಮನೆಯಲ್ಲಿ ಒಂದು, ಓದಲಿಕ್ಕೆ ಒಂದು. ನಮ್ಮವರಿಗೆ ಅದು ಕಷ್ಟವೇ ಅಲ್ಲ" ಅಂದರು ಅಣ್ಣ. "ಆದರೆ ಆ ಹುಡುಗ ಕೇಳಿದ್ದು ಅದಲ್ಲ. ನಿಮ್ಮ ಅಮ್ಮ ಆ ಹೊತ್ತಿಗೆ ಏನು ಹೇಳಿದರು? ಅದನ್ನು ಕೇಳಿದ್ದು."

ಅಮ್ಮ ಹೇಳಿದ್ದು "ಕೈ ಬಚ್ಚುಂಡು ಮಗಾ" ಅಂತ. ಬಚ್ಚುವುದು ಅಂದರೆ ದಣಿಯುವುದು. ಆದರೆ ದಣಿವು ಅಂದರೆ ಸಾಲದು. ಸುಸ್ತು ಅಂದರೆ ಬೇರೆಯೇ. ಸೋಲುವುದರಲ್ಲಿ ಒಂದು ಆಟ ಇದೆ, ಗೆದ್ದವರು ಯಾರೋ ಇದ್ದಾರೆ. ಬಚ್ಚುವುದರಲ್ಲಿ ಅದಿಲ್ಲ. ಇವತ್ತಿಗೆ ಇಷ್ಟು ಸಾಕು, ನಾಳೆ ಮತ್ತೆ ಇದೇ ಕೈ ಅಂತ ಇದೆ. ನಾನು ಬರೆಯುವಾಗ ಇದನ್ನೆಲ್ಲ ಯೋಚಿಸಿದ್ದೆ. ಬೆಂಗಳೂರಿನವರಿಗೆ, ಧಾರವಾಡದವರಿಗೆ ಅರ್ಥ ಆಗಲಿ ಅಂತ ಸೋತಿತು ಅಂತ ಹಾಕಿದ್ದೆ. ಆಗ ಅದು ಸರಿ ಅನ್ನಿಸಿತ್ತು.

ಆ ವರ್ಷ 26 ಪ್ರತಿ ಹೋಯಿತು. ವೇದಿಕೆಯಿಂದ ಇಳಿದ ಅರ್ಧ ಗಂಟೆಯಲ್ಲೇ ಹನ್ನೊಂದು.

ಸಹಿ ಹಾಕುವುದನ್ನು ಕಲಿತದ್ದೂ ಆಗಲೇ. ಸಹಿ ಹಾಕುವುದರಲ್ಲಿ ಕಲಿಯಲಿಕ್ಕೆ ಏನಿದೆ ಅನ್ನಬೇಡಿ. ಜೆಲ್ ಪೆನ್ನಿನ ಶಾಯಿ ನಮ್ಮ ಗಾಳಿಯಲ್ಲಿ ಬೇಗ ಒಣಗುವುದಿಲ್ಲ. ಮುಚ್ಚಿದ ಕೂಡಲೇ ಎದುರು ಪುಟಕ್ಕೆ ಅಂಟುತ್ತದೆ. ಮೊದಲ ಮೂರು ಪುಸ್ತಕ ಹಾಗೆ ಹಾಳಾಯಿತು. ಸುಮ್ನೆ ಬಾಲ್ ಪೆನ್ ಇಟ್ಟುಕೊಳ್ಳಿ. ಮುಖಪುಟದ ಒಳಭಾಗದಲ್ಲಿ ಬೇಡ, ಒಳಗಿನ ಮೊದಲ ಪುಟದಲ್ಲಿ ಬರೆಯಿರಿ, ಮ್ಯಾಪ್ಲಿಥೊ ಕಾಗದ ಶಾಯಿ ಹಿಡಿಯುತ್ತದೆ. ಇನ್ನೊಂದು ವಿಷಯ ಹೆಸರಿನದು. ನಮ್ಮ ಊರಿನಲ್ಲಿ ಸವಿತಾ ಬರುತ್ತಾರೆ, ಫ್ಲೇವಿಯಾ ಬರುತ್ತಾರೆ, ಝುಬೈದಾ ಬರುತ್ತಾರೆ. ಯಾವ ಹೆಸರಿಗೆ ಯಾವ ಅಕ್ಷರ ಅಂತ ಅವರಿಗೆ ಒಂದು ಅಭ್ಯಾಸ ಇರುತ್ತದೆ. ಒಂದು ಸಣ್ಣ ಚೀಟಿ ಕೊಟ್ಟು "ನಿಮ್ಮ ಹೆಸರು ನೀವು ಹೇಗೆ ಬರೆಯುತ್ತೀರಿ?" ಅಂತ ಕೇಳಿ, ಅದನ್ನು ನೋಡಿ ಬರೆದೆ. ಒಬ್ಬ ಬ್ಯಾರಿ ಹೆಂಗಸು ಚೀಟಿಯಲ್ಲಿ ತನ್ನ ಹೆಸರಿನ ಕೆಳಗೆ ಅವರ ಅಮ್ಮನ ಹೆಸರನ್ನೂ ಬರೆದರು. "ಅವರೂ ಕಟ್ಟುತ್ತಿದ್ದರು" ಅಂದರು. ಎರಡು ಹೆಸರೂ ಹಾಕಿದೆ.

ಮೂರನೇ ವರ್ಷಕ್ಕೆ ಒಂದು ಯೋಚನೆ ಬಂತು. ಮೇಜಿನ ಮೇಲೆ ಬರೀ ಪುಸ್ತಕ ಯಾಕೆ? ಅಮ್ಮನ ಹತ್ತಿರ ಹೋಗಿ ತಡ್ಪೆ ಕೇಳಿದೆ. ಅಟ್ಟದಲ್ಲಿ ಇತ್ತು. ಕತ್ತರಿ ಇತ್ತು. ಎಲೆ ಕತ್ತರಿಸುವ ತಗಡಿನ ಅಚ್ಚು, ತುಕ್ಕು ಹಿಡಿದಿತ್ತು. ಪಕ್ಕದ ಮನೆಯಿಂದ ಒಂದು ಹಿಡಿ ಬೀಡಿ ಎಲೆ ಸಿಕ್ಕಿತು. ಹೊಗೆಸೊಪ್ಪು ಬೇಡ ಅಂದೆ. ಮಕ್ಕಳು ಬರುವ ಜಾಗ, ಮತ್ತೆ ಆ ಪುಡಿಯ ಘಾಟಿಗೆ ಅಮ್ಮ ಕೆಮ್ಮಿದ್ದು ನಾನು ನೋಡಿದ್ದೇನೆ. ಅಮ್ಮ ಎಲೆಯನ್ನು ಹಿಂದಿನ ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಒಣಗಿದರೆ ಒಡೆಯುತ್ತದೆ. ಬಟ್ಟೆ ತೆಗೆಯಬೇಡ" ಅಂದಳು. "ಕತ್ತರಿ ವಾಪಸ್ ತಾ" ಅಂತಲೂ ಹೇಳಿದಳು. ಆ ಕತ್ತರಿ ಈಗ ಯಾವ ಕೆಲಸಕ್ಕೂ ಇಲ್ಲ. ಆದರೂ ಹೇಳಿದಳು.

60 ಪ್ರತಿ ಎರಡು ಚೀಲದಲ್ಲಿ, ಹನ್ನೊಂದು ಕಿಲೋ. ತಡ್ಪೆ ಕಂಕುಳಲ್ಲಿ. ಬಸ್ಸಿನ ಕಂಡಕ್ಟರ್ ತಡ್ಪೆ ನೋಡಿ ಮುಂದಿನ ಸೀಟಿನವರನ್ನು ಸರಿಸಿ ಜಾಗ ಮಾಡಿಕೊಟ್ಟ.

ಮೇಜಿನ ಮೇಲೆ ತಡ್ಪೆ ಇಟ್ಟದ್ದೇ ಇಟ್ಟದ್ದು, ಜನ ನಿಲ್ಲಲು ಶುರು ಮಾಡಿದರು. ಶಾಲೆಯ ಮಕ್ಕಳು ಸಾಲಾಗಿ ಬಂದರು. ಅವರ ಕೈಯಲ್ಲಿ ಐವತ್ತೋ ಇಪ್ಪತ್ತೋ ಇರುತ್ತದೆ, ನನ್ನ ಪುಸ್ತಕ ಅವರಿಗಲ್ಲ. ಆದರೆ ಅಚ್ಚು ಎತ್ತಿ ನೋಡಿ "ಇದು ಎಂತ ಟೀಚರ್?" ಅಂತ ಕೇಳುವುದು. ಯಾವ ಹೆಂಗಸು ಮೇಜಿನ ಹಿಂದೆ ನಿಂತರೂ ಮಕ್ಕಳಿಗೆ ಟೀಚರೇ. ಒಂದು ಹುಡುಗಿ "ನಮ್ಮ ಅಜ್ಜಿಯ ಹತ್ತಿರ ಉಂಟು" ಅಂದಳು. ಪಕ್ಕದ ಹುಡುಗಿ "ನಮ್ಮ ಅಮ್ಮನ ಹತ್ತಿರ ಉಂಟು" ಅಂದಳು, ಮತ್ತೆ ಸುತ್ತ ನೋಡಿದಳು. ನಾನು "ನನ್ನ ಅಮ್ಮನದ್ದೇ ಇದು" ಅಂದೆ. ಅವಳು ಅಲ್ಲಿಂದ ಹತ್ತು ನಿಮಿಷ ಹೋಗಲಿಲ್ಲ.

ಎರಡನೇ ದಿನ ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತು. ಎಪ್ಪತ್ತರ ಹತ್ತಿರದ ಒಬ್ಬ ಅಮ್ಮ ಬಂದರು. ಜೊತೆಗೆ ಮೊಮ್ಮಗಳು, ಕಾಲೇಜಿನ ಐಡಿ ಕಾರ್ಡು ಕೊರಳಲ್ಲಿ. ಮೊಮ್ಮಗಳು ಅಣ್ಣನ ಹಳೆ ಪುಸ್ತಕದ ಕಡೆ ಹೋದಳು. ಈ ಅಮ್ಮ ತಡ್ಪೆಯ ಮುಂದೆ ನಿಂತರು. ಏನೂ ಕೇಳಲಿಲ್ಲ. ಒದ್ದೆ ಬಟ್ಟೆ ಸರಿಸಿದರು. ಎಲೆಯೊಂದನ್ನು ತೆಗೆದು ಹೆಬ್ಬೆರಳಲ್ಲಿ ನರದ ಮೇಲೆ ಒಮ್ಮೆ ಒತ್ತಿ ನೋಡಿದರು. ಅಚ್ಚು ಇಟ್ಟು ಕತ್ತರಿಸಿದರು. ಎರಡು ಏಟಿನಲ್ಲಿ ಚೌಕ. ಎಡಗೈಯ ಅಂಗೈಗೆ ಎಲೆ ಬಂತು. ಪುಡಿ ಇಲ್ಲ ಅಂತ ಗೊತ್ತಿದ್ದರೂ ಬಲಗೈ ಪುಡಿ ಹಾಕುವ ಹಾಗೆ ಒಮ್ಮೆ ಆಡಿತು. ಎರಡು ಹೆಬ್ಬೆರಳು ಒಟ್ಟಿಗೆ ಉರುಳಿದವು. ಎಲೆ ಸುತ್ತಿಕೊಂಡಿತು. ಬಾಯಿಯನ್ನು ಉಗುರಿನಲ್ಲಿ ಒಳಗೆ ಮಡಚಿದರು. ನೂಲಿಗೆ ಕೈ ಹೋಯಿತು, ನೂಲು ಇರಲಿಲ್ಲ. ಅಷ್ಟೂ ಹೊತ್ತು ಅವರು ನೋಡುತ್ತಿದ್ದದ್ದು ನನ್ನ ಮುಖವನ್ನು, ಕೈಯನ್ನಲ್ಲ.

"ನೂಲು ಮರೆತಿರಾ?" ಅಂದರು ತುಳುವಿನಲ್ಲಿ.

ಹೌದು ಅಂದೆ. ಮರೆತಿದ್ದೆ. ಅಮ್ಮನಿಗೂ ನೆನಪಾಗಿರಲಿಲ್ಲ.

ಪುಸ್ತಕದಲ್ಲಿ ಏನುಂಟು ಅಂತ ಕೇಳಿದರು. ನನಗೆ ಕಣ್ಣು ಮಂಜು, ನೀವೇ ಓದಿ ಅಂದರು. ನಾನು ಅದೇ ಭಾಗ ಓದಿದೆ, ರಾತ್ರಿ ಹತ್ತು ಗಂಟೆಯದು. ಮೈಕ್ ಇಲ್ಲ, ವೇದಿಕೆ ಇಲ್ಲ, ಮೇಜಿನ ಈಚೆ ನಾನು, ಆಚೆ ಅವರು. ಅರ್ಥ ಆಗಲಿ ಅಂತ ನಡುನಡುವೆ ತುಳುವಿನಲ್ಲಿ ಹೇಳಹೊರಟೆ. ಕೈ ಅಡ್ಡ ಹಿಡಿದರು. "ಕನ್ನಡ ಬರುತ್ತದೆ ನನಗೆ. ಐದನೇ ಕ್ಲಾಸ್ ಓದಿದ್ದೇನೆ. ಓದಿ." ಓದಿದೆ. ನನ್ನ ಕೈ ಸೋತಿತು ಮಗಳೇ.

"ಸೋತಿತು ಅಂತ ಹೇಳಿದರಾ ನಿಮ್ಮ ಅಮ್ಮ?"

"ಇಲ್ಲ. ಬಚ್ಚುಂಡು ಅಂದದ್ದು."

"ಮತ್ತೆ?"

ಬೇರೆ ಊರಿನವರಿಗೆ ಗೊತ್ತಾಗುವುದಿಲ್ಲ ಅಂತ ಹೀಗೆ ಬರೆದೆ ಅಂದೆ. ಅವರು ಸುತ್ತಿದ ಎಲೆಯನ್ನು ತಡ್ಪೆಯಲ್ಲಿ ಇಟ್ಟರು. "ಗೊತ್ತಾಗದಿದ್ದರೆ ಕೇಳುತ್ತಾರೆ" ಅಂದರು. ಸಿಟ್ಟಿರಲಿಲ್ಲ. ಬಸ್ಸಿನ ದಾರಿ ಹೇಳುವ ಹಾಗೆ ಹೇಳಿದರು. ಆಮೇಲೆ ಮೊಮ್ಮಗಳನ್ನು ಕರೆದು, ಈ ಪುಸ್ತಕ ನಮಗೆ ಬೇಕು, ನೀನು ದಿನಾ ರಾತ್ರಿ ನನಗೆ ಓದಿ ಹೇಳಬೇಕು ಅಂದರು. ಸೊಂಟದ ಸಂಚಿ ಬಿಚ್ಚಿ ದುಡ್ಡು ಎಣಿಸಿದರು. ಒಂಬತ್ತು ಇಪ್ಪತ್ತರ ನೋಟು. ಮೂರು ವರ್ಷದಲ್ಲಿ ನನಗೆ ಚಿಲ್ಲರೆ ಕೇಳದೆ ಸರಿಯಾಗಿ 180 ಕೊಟ್ಟವರು ಅವರೊಬ್ಬರೇ.

ಸಹಿಗೆ ಚೀಟಿ ಕೊಟ್ಟೆ. ಮೊಮ್ಮಗಳ ಹೆಸರು ಬರೆಯಲೇ ಅಂತ ಕೇಳಿದೆ. "ಎನ್ನ ಪುದರ್ ಬರೆಲೆ" ಅಂದರು. ನನ್ನ ಹೆಸರು ಬರೆಯಿರಿ. ಚೀಟಿ ತಗೊಂಡು ತಾವೇ ಬರೆದರು, ನಿಧಾನ, ಪ್ರತಿ ಅಕ್ಷರದ ತಲೆಕಟ್ಟು ಬಿಡದೆ. ಅದನ್ನು ನೋಡಿ ನಾನು ಬರೆದೆ.

ಆ ಸಲ 47 ಪ್ರತಿ ಹೋಯಿತು. ಬಾಡಿಗೆ ಹುಟ್ಟಿ, ಬಸ್ಸಿನ ಖರ್ಚು ಕಳೆದು, ಅಮ್ಮನಿಗೆ ಒಂದು ಸೀರೆ ಬಂತು. ರಾತ್ರಿ ಕತ್ತರಿ ವಾಪಸ್ ಕೊಟ್ಟೆ. ಆ ಅಮ್ಮ ಸುತ್ತಿದ ಎಲೆಯನ್ನೂ ತೋರಿಸಿದೆ. ಅಮ್ಮ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಒಳ್ಳೆ ಕೈ" ಅಂದಳು.

ಮೊದಲ ಮುದ್ರಣ ಈ ಮಳೆಗಾಲದಲ್ಲಿ ಮುಗಿಯಿತು. ಎರಡನೆಯದಕ್ಕೆ ಪ್ರಕಾಶಕರು ಪ್ರೂಫ್ ಕಳಿಸಿದ್ದರು. 73ನೇ ಪುಟದಲ್ಲಿ ಸೋತಿತು ತೆಗೆದು "ಕೈ ಬಚ್ಚುಂಡು ಮಗಾ" ಅಂತ ಬರೆದೆ. ಬೇರೆ ಕಡೆಯೂ ಅಮ್ಮನ ಬಾಯಿಂದ ಬಂದ ಹದಿನಾರು ಮಾತುಗಳನ್ನು ಅವಳು ಹೇಳಿದ ಹಾಗೇ ಇಟ್ಟೆ. ಕೆಳಗೆ ಅರ್ಥ ಕೊಡಲಿಲ್ಲ. ಪ್ರೂಫ್ ನೋಡುವವರು 73ನೇ ಪುಟಕ್ಕೆ ಕೆಂಪು ಗೆರೆ ಎಳೆದು, ಇದು ಅಚ್ಚಿನ ತಪ್ಪಾ, ಓದುವವರಿಗೆ ಗೊತ್ತಾಗುತ್ತದಾ ಅಂತ ಕೇಳಿ ವಾಪಸ್ ಕಳಿಸಿದರು. ತಪ್ಪಲ್ಲ, ಗೊತ್ತಾಗದಿದ್ದರೆ ಕೇಳುತ್ತಾರೆ, ಹಾಗೇ ಇರಲಿ ಅಂತ ಬರೆದು ನಿನ್ನೆ ಕಳಿಸಿದ್ದೇನೆ.

ನವೆಂಬರಿಗೆ ಅರ್ಧ ಮೇಜಿನ ಅರ್ಜಿ ಕೊಟ್ಟಾಗಿದೆ. ನೂಲಿನ ಉಂಡೆಯನ್ನು ಈಗಲೇ ತಡ್ಪೆಯೊಳಗೆ ಹಾಕಿಟ್ಟಿದ್ದೇನೆ.